ಶ್ರುತಿ ತಪ್ಪಿದ ಬೆಳಕು

ಯಂತ್ರ ತಪ್ಪಿದಾಗ ಮನುಷ್ಯನನ್ನು ಗದರಿಸುವುದು ಸುಲಭ. ಆ ಸುಲಭದ ಹಾದಿಯನ್ನು ನಾನೂ ಒಮ್ಮೆ ಹಿಡಿದಿದ್ದೆನೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ. ರಾಡಾರಿನ ಸಂಕೇತವನ್ನು ಬೆಳಕಿನ ಮೇಲೇರಿಸಿ, ಕೂದಲೆಳೆಯಂಥ ಗಾಜಿನ ತಂತುವಿನಲ್ಲಿ ದೂರಕ್ಕೆ ಕಳುಹಿಸುವುದು ನಮ್ಮ ಉದ್ಯೋಗ. ಹಾಗೆ ಏರಿಸುವ ಸಾಧನಕ್ಕೆ ಮಾಡ್ಯುಲೇಟರ್ ಎಂದು ಹೆಸರು. ಅದರಲ್ಲಿ ಲಿಥಿಯಂ ನಯೋಬೇಟ್ ಎಂಬ ಹರಳು. ಹರಳಿನೊಳಗೆ ಬೆಳಕು ಎರಡು ಕವಲಾಗಿ ಹರಿದು ಮತ್ತೆ ಕೂಡುತ್ತದೆ. ಝೇಂಡರ್ 1891ರಲ್ಲಿಯೂ ಮಾಖ್ 1892ರಲ್ಲಿಯೂ ವರ್ಣಿಸಿದ ಉಪಾಯವೇ ಇದಕ್ಕೆ ಮೂಲ. ವಿದ್ಯುತ್ತು ಕೊಟ್ಟರೆ ಒಂದು ಕವಲಿನ ಬೆಳಕು ತುಸು ಹಿಂದೆ ಬೀಳುತ್ತದೆ. ಕೂಡುವಾಗ ಅವೆರಡೂ ಒಂದನ್ನೊಂದು ಬೆಳಗಿಸಬಹುದು, ನಂದಿಸಲೂಬಹುದು. ಇವೆರಡರ ನಟ್ಟನಡುವೆ, ಬೆಳಕು ಅರ್ಧಕ್ಕಿರುವ ನೆಲೆಯಲ್ಲಿ ನಿಂತಾಗ ಸಂಕೇತ ಹೆಚ್ಚು ವಿಕಾರಗೊಳ್ಳದೆ ಸಾಗುತ್ತದೆ. ಅಲ್ಲಿ ನಿಲ್ಲಿಸುವ ವೋಲ್ಟೇಜಿಗೆ ಬಯಾಸ್ ಎನ್ನುವರು.

ಒಂದು ಬೇಸಗೆಯ ಮಧ್ಯಾಹ್ನ, ಹಿರಿಯ ಅಧಿಕಾರಿಗಳೆದುರು ನಡೆದ ಪರೀಕ್ಷೆಯಲ್ಲಿ, ಸಂಕೇತದ ಇಮ್ಮಡಿ ಆವರ್ತನದಲ್ಲಿ ಬೇಡದ ಗೆರೆಯೊಂದು ಪರದೆಯ ಮೇಲೆ ಎದ್ದುನಿಂತಿತು. ಇಂಥದು ರಾಡಾರಿಗೆ ಇಲ್ಲದ ಗುರಿಯನ್ನು ಇದೆಯೆಂದು ನಂಬಿಸಬಲ್ಲದು. ಬೆಳಿಗ್ಗೆ ಬಯಾಸ್ ಹೊಂದಿಸಿದ್ದವನು ಆ ವರ್ಷವಷ್ಟೇ ಸೇರಿದ್ದ ಹುಡುಗ. “ಇಷ್ಟೂ ಗಮನ ಬೇಡವೇನಯ್ಯ?” ಎಂದು ಎಲ್ಲರೆದುರು ಅಂದುಬಿಟ್ಟೆ.

“ಬೆಳಿಗ್ಗೆ ಸರಿಯಿತ್ತು, ಸಾರ್” ಎಂದಷ್ಟೇ ಹೇಳಿ ಅವನು ತಲೆ ತಗ್ಗಿಸಿದ.

ಸಂಜೆ ಮನೆಯಲ್ಲಿ ಮಗಳು ತಂಬೂರಿ ಶ್ರುತಿ ಮಾಡುತ್ತಿದ್ದಳು. “ನಿನ್ನೆ ತಾನೇ ಮಾಡಿದ್ದೆಯಲ್ಲಮ್ಮ?” ಎಂದೆ.

“ನಿನ್ನೆಯ ಶ್ರುತಿ ಇವತ್ತಿಗೆ ನಿಲ್ಲುತ್ತದೆಯೇ, ಅಪ್ಪ? ಈ ಸೆಕೆಗೆ ತಂತಿ ಇಳಿಯುತ್ತದೆ” ಎನ್ನುತ್ತ ಬಿರಡೆಯನ್ನು ತುಸು ಏರಿಸಿ, ತುಸು ಇಳಿಸಿ, ಸರಿಯಾದ ನೆಲೆಯಲ್ಲಿ ನಿಲ್ಲಿಸಿದಳು.

ಕಪಾಳಕ್ಕೆ ಹೊಡೆದಂತಾಯಿತು. ಹುಡುಗ ಹೇಳಿದ್ದು ನಿಜ. ಶಾಖ ಬದಲಾದರೆ, ಒಳಗೆ ವಿದ್ಯುದಂಶಗಳು ಮೆಲ್ಲಗೆ ಸರಿದರೆ, ಹರಳಿನ ನಡುನೆಲೆಯೂ ಜಾರುತ್ತದೆ. ಇದನ್ನು ನಾನು ಓದಿದ್ದೆ, ಕೋಪದಲ್ಲಿ ನೆನಪಾಗಲಿಲ್ಲ.

ಮರುದಿನ ಅದೇ ಜನರೆದುರು ಅವನ ಕ್ಷಮೆ ಕೇಳಿದೆ. ಅನಂತರ ಇಬ್ಬರೂ ಕೂಡಿ ಬಯಾಸಿಗೆ ಕಾವಲು ಕೂರಿಸಿದೆವು. ಅದಕ್ಕೆ ಒಂದು ಕಿಲೋಹರ್ಟ್ಸಿನ ಅತಿ ಸಣ್ಣ ಕಂಪನವನ್ನು ಬೆರೆಸಿ, ಹೊರಬರುವ ಬೆಳಕಿನಲ್ಲಿ ಆ ಕಂಪನದ ಇಮ್ಮಡಿಯನ್ನು ಹುಡುಕುವುದೇ ಉಪಾಯ. ನಡುನೆಲೆಯಲ್ಲಿ ಅದು ಸೊನ್ನೆ. ನೆಲೆ ಜಾರಿದರೆ ತಲೆಯೆತ್ತುತ್ತದೆ; ಯಾವ ಕಡೆಗೆ ಜಾರಿತೆಂಬುದನ್ನೂ ತಿಳಿಸುತ್ತದೆ. ಒಡನೆಯೇ ವೋಲ್ಟೇಜು ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತದೆ.

ಸ್ಥಿರತೆಯೆಂದರೆ ಅಲುಗದಿರುವುದೆಂದು ತಿಳಿದಿದ್ದೆ. ತನ್ನನ್ನು ತಾನೇ ತುಸು ಅಲುಗಿಸಿ ನೋಡಿಕೊಳ್ಳುತ್ತಿರುವುದೆಂದು ಈಗ ತಿಳಿದಿದೆ.

ಮುಂದಿನ ಪರೀಕ್ಷೆಯ ದಿನ ಸುಡುಬಿಸಿಲು. ಪರದೆಯಲ್ಲಿ ಆ ಗೆರೆ ಕಾಣಲಿಲ್ಲ. ಹುಡುಗ ನನ್ನತ್ತ ತಿರುಗಿ ನಕ್ಕ: “ಮಧ್ಯಾಹ್ನವೂ ಸರಿಯಿದೆ, ಸಾರ್.”