ಪೈನ್ ಮರದ ಷಿಲ್ಲಿಂಗು

ಬಾಸ್ಟನ್ ನಗರದ ಟ್ರೆಮಾಂಟ್ ಬೀದಿಯಲ್ಲಿ ಗ್ರ್ಯಾನರಿ ಎಂಬ ಹಳೆಯ ಸ್ಮಶಾನವೊಂದುಂಟು. ಸ್ಯಾಮ್ಯುಯಲ್ ಆಡಮ್ಸ್, ಜಾನ್ ಹ್ಯಾಂಕಾಕ್ ಮೊದಲಾದ ಸ್ವಾತಂತ್ರ್ಯ ಸಮರದ ಧುರೀಣರ ಗೋರಿಗಳು ಅಲ್ಲಿರುವುದರಿಂದ ಯಾತ್ರಿಕರ ಸಂದಣಿಗೆ ಕೊರತೆಯಿಲ್ಲ. ನಾವು ಹೋದುದು ಮಾತ್ರ ಜಾನ್ ಹಲ್ ಎಂಬ ಅಕ್ಕಸಾಲಿಗನ ಸಲುವಾಗಿ. ಆತನೂ ಅದೇ ಹುಲ್ಲಿನಡಿಯಲ್ಲಿ ಮಲಗಿದ್ದಾನೆ. ಅವನನ್ನು ವಿಚಾರಿಸುವವರು ವಿರಳ.

ಹದಿನೇಳನೆಯ ಶತಮಾನದ ಮ್ಯಾಸಚೂಸೆಟ್ಸಿನಲ್ಲಿ ಧಾನ್ಯಕ್ಕೆ ಬರವಿಲ್ಲದಿದ್ದರೂ ಹಣಕ್ಕೆ ಬರವಿತ್ತು. ಇಂಗ್ಲೆಂಡಿನಿಂದ ಬಂದ ನಾಣ್ಯವು ಸರಕಿನ ಬೆಲೆಯಾಗಿ ಮತ್ತೆ ಇಂಗ್ಲೆಂಡಿಗೇ ಹೊರಟುಹೋಗುತ್ತಿತ್ತು. ಜನರು ಮುಸುಕಿನ ಜೋಳದಿಂದಲೂ, ಮೂಲನಿವಾಸಿಗಳು ಚಿಪ್ಪಿನಿಂದ ಕೊರೆದ ವಾಂಪಮ್ ಮಣಿಗಳಿಂದಲೂ ವ್ಯವಹಾರ ಸಾಗಿಸುತ್ತಿದ್ದರು. ವೆಸ್ಟ್ ಇಂಡೀಸ್ ವ್ಯಾಪಾರದಿಂದ ಬರುವ ಸ್ಪೇನಿನ ಬೆಳ್ಳಿಯನ್ನು ಕರಗಿಸಿ ಸ್ವಂತ ನಾಣ್ಯ ಒತ್ತಿಸಬೇಕೆಂದು 1652ರಲ್ಲಿ ಅಲ್ಲಿಯ ಶಾಸನಸಭೆಯು ನಿಶ್ಚಯಿಸಿ, ಹಲ್ ಮತ್ತು ರಾಬರ್ಟ್ ಸ್ಯಾಂಡರ್ಸನ್ ಎಂಬಿಬ್ಬರಿಗೆ ಟಂಕಸಾಲೆಯನ್ನು ಒಪ್ಪಿಸಿತು.

ಮೊದಲ ನಾಣ್ಯವು ಬರಿಯ ಬಿಲ್ಲೆ: ಒಂದು ಮೋರೆಯಲ್ಲಿ ನ್ಯೂ ಇಂಗ್ಲೆಂಡಿನ ಎರಡು ಮೊದಲಕ್ಷರಗಳು, ಮತ್ತೊಂದರಲ್ಲಿ ಹನ್ನೆರಡು ಪೆನ್ನಿಗಳ ರೋಮನ್ ಅಂಕೆ. ಅಂಚು ಬರಿದಾಗಿದ್ದರೆ ಕತ್ತರಿಸಿ ಬೆಳ್ಳಿ ಕದಿಯುವುದು ಸುಲಭ. ಆದುದರಿಂದ ಬೇಗನೆಯೇ ಸುತ್ತಲೂ ಎರಡು ಉಂಗುರ, ನಡುವೆ ಅಕ್ಷರಮಾಲೆ, ಮಧ್ಯದಲ್ಲಿ ಒಂದು ಮರ ಎಂಬ ಏರ್ಪಾಡಾಯಿತು. ಆ ಮರವು ಮೊದಲು ವಿಲ್ಲೋ, ಬಳಿಕ ಓಕ್, ಕೊನೆಗೆ ಪೈನ್. ಷಿಲ್ಲಿಂಗಿನ ತೂಕವನ್ನು ಎಪ್ಪತ್ತೆರಡು ಗ್ರೇನಿಗೆ ಇಳಿಸಿದರು. ಇಂಗ್ಲೆಂಡಿನದು ಸುಮಾರು ತೊಂಬತ್ತಮೂರು ಗ್ರೇನು. ಹಗುರವಾದ ಹಣ ಊರು ಬಿಟ್ಟು ಹೋಗಲಾರದೆಂಬುದು ಅವರ ಎಣಿಕೆ.

ವಿನೋದವಿರುವುದು ತಾರೀಖಿನಲ್ಲಿ. ಟಂಕಸಾಲೆಯು 1682ರವರೆಗೆ ನಡೆಯಿತು. 1662ರ ಎರಡು ಪೆನ್ನಿಯ ನಾಣ್ಯವೊಂದನ್ನುಳಿದು ಮಿಕ್ಕುವುಗಳಲ್ಲೆಲ್ಲ 1652 ಎಂದೇ ಇದೆ. ನಾಣ್ಯ ಒತ್ತಿಸುವುದು ಅರಸನ ಹಕ್ಕು. 1652ರಲ್ಲಿ ಇಂಗ್ಲೆಂಡಿನಲ್ಲಿ ಅರಸನೇ ಇರಲಿಲ್ಲವಾಗಿ ಆ ವರ್ಷವನ್ನೇ ಹಿಡಿದುಕೊಂಡರೆಂದು ಹಿಂದಿನವರು ಹೇಳುವರು. ಅದು ಕಾಯಿದೆಯಾದ ವರ್ಷವೆಂದಷ್ಟೇ ಕೆಲವು ವಿದ್ವಾಂಸರ ಮತ. ನಮಗೆ ಮೊದಲನೆಯದೇ ರುಚಿಸಿತೆಂದು ಒಪ್ಪಿಕೊಳ್ಳುತ್ತೇವೆ.

ಹಲ್ಲನು ಮಗಳು ಹ್ಯಾನಳ ಮದುವೆಯಲ್ಲಿ ಆಕೆಯನ್ನು ತಕ್ಕಡಿಯಲ್ಲಿ ಕೂರಿಸಿ ಷಿಲ್ಲಿಂಗುಗಳಿಂದ ತೂಗಿದನೆಂಬ ಕಥೆಯನ್ನು ಹಾಥಾರ್ನನು ಮಕ್ಕಳಿಗಾಗಿ ಬರೆದಿದ್ದಾನೆ. ನಮ್ಮ ದೇವಾಲಯಗಳಲ್ಲಿ ತುಲಾಭಾರವನ್ನು ಕಂಡವರಿಗೆ ಇದು ಹೊಸದೆನಿಸದು. ಕಥೆ ಕಥೆಯೇ, ಆದರೆ ವರದಕ್ಷಿಣೆ ಐನೂರು ಪೌಂಡೆಂದು ಹೇಳುವರು. ಅಂದರೆ ಹತ್ತು ಸಾವಿರ ಷಿಲ್ಲಿಂಗು, ತೂಕ ಸುಮಾರು ನಲವತ್ತಾರು ಕಿಲೋಗ್ರಾಮು. ಒಬ್ಬ ತರುಣಿಯ ತೂಕಕ್ಕೆ ಅದು ಬಹಳ ದೂರವಲ್ಲ!

ಪರಿಚಿತರೊಬ್ಬರು ಅದೇ ಸಂಜೆ ನಮ್ಮನ್ನು ವೃದ್ಧ ಸಂಗ್ರಾಹಕರೊಬ್ಬರ ಮನೆಗೆ ಕರೆದೊಯ್ದರು. ಮರದ ಬೀರುವಿನ ತೆಳು ಅರೆಗಳಲ್ಲಿ ನಾಣ್ಯಗಳು. ಒಂದೊಂದರ ಕೆಳಗೂ ವಿವರ ಬರೆದ ಚೀಟಿ. ಅವರು ಎರಡು ಪೈನ್ ಮರದ ಷಿಲ್ಲಿಂಗುಗಳನ್ನು ಮುಂದಿಟ್ಟು, ಇವುಗಳಲ್ಲಿ ಸಾಚಾ ಯಾವುದೆಂದು ಕೇಳಿದರು. ನಾವು ಅಕ್ಷರ ಅಚ್ಚುಕಟ್ಟಾಗಿದ್ದುದನ್ನು ತೋರಿಸಿದೆವು. ಅವರು ನಕ್ಕರು. ಅದು ಖೋಟಾ! 1856ರ ಸುಮಾರಿಗೆ ನ್ಯೂಯಾರ್ಕಿನ ಥಾಮಸ್ ವೈಯಟ್ ಎಂಬಾತನು ಇಂತಹ ನಾಣ್ಯಗಳನ್ನು ತಯಾರಿಸಿ ಹರಡಿದನಂತೆ. ಇವರು ಎಳೆಯ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಕೂಡಿಟ್ಟ ಹಣವನ್ನೆಲ್ಲ ಕೊಟ್ಟು ಅದನ್ನು ಕೊಂಡಿದ್ದರು; ಮನೆಯಾಕೆ ಬಹುಕಾಲ ಅದನ್ನು ಎತ್ತಿ ಆಡುತ್ತಿದ್ದರಂತೆ. ತೂಕವೊಂದನ್ನೇ ನಂಬಲಾಗದು, ಅಂಚು ಕತ್ತರಿಸಿದ ಸಾಚಾ ನಾಣ್ಯವೂ ಹಗುರವಿರುತ್ತದೆ. ಗೊತ್ತಿರುವ ಅಚ್ಚುಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿಯೇ ಕೊಳ್ಳಬೇಕೆಂದರು. ಸಣ್ಣ ಕೈಚೀಲದವರು 1773ರ ವರ್ಜೀನಿಯದ ತಾಮ್ರದ ಅರ್ಧಪೆನ್ನಿಯಿಂದ ಆರಂಭಿಸಬಹುದಂತೆ.

ಮೋಸದ ನಾಣ್ಯವನ್ನು ಇನ್ನೂ ಇಟ್ಟುಕೊಂಡಿರುವುದೇಕೆಂದು ಕೇಳಿದೆವು. "ಎರಡೂ ತಾರೀಖಿನ ವಿಷಯದಲ್ಲಿ ಸುಳ್ಳು ಹೇಳುತ್ತವೆ. ಒಂದರ ಸುಳ್ಳು ಸರ್ಕಾರದ್ದು, ಅಷ್ಟೇ" ಎಂದರು.

ಕೊನೆಯ ಅರೆಯಲ್ಲಿ ಪದಕಗಳು. ಅವುಗಳಲ್ಲಿ 'ಲಿಬರ್ಟಾಸ್ ಅಮೆರಿಕಾನಾ' ಎಂಬುದರ ಪ್ರತಿಯೊಂದಿತ್ತು. ವಲಸೆಕಾಲ ಮುಗಿದೊಡನೆ, 1783ರಲ್ಲಿ, ಫ್ರಾಂಕ್ಲಿನ್ನನ ಸೂಚನೆಯಂತೆ ಪ್ಯಾರಿಸಿನಲ್ಲಿ ಒಗುಸ್ತಾಂ ದ್ಯುಪ್ರೆ ಕೊರೆದ ಪದಕವದು. ಒಂದು ಮೋರೆಯಲ್ಲಿ ಕೂದಲು ಹಾರುತ್ತಿರುವ ಸ್ವಾತಂತ್ರ್ಯದೇವಿ. ಇನ್ನೊಂದರಲ್ಲಿ ಶಿಶು ಹರ್ಕ್ಯುಲಿಸ್ ಎರಡು ಹಾವುಗಳ ಕುತ್ತಿಗೆ ಹಿಸುಕುತ್ತಿದ್ದಾನೆ. ಮೇಲೆರಗುವ ಚಿರತೆಯನ್ನು, ಅಂದರೆ ಬ್ರಿಟನ್ನನ್ನು, ಫ್ರಾನ್ಸಿನ ಗುರಾಣಿ ಹಿಡಿದ ಮಿನರ್ವಾದೇವಿ ತಡೆದಿದ್ದಾಳೆ. ಆ ಎರಡು ಹಾವುಗಳು 1777ರಲ್ಲಿ ಸರಟೋಗದಲ್ಲಿಯೂ 1781ರಲ್ಲಿ ಯಾರ್ಕ್‌ಟೌನಿನಲ್ಲಿಯೂ ಶರಣಾದ ಸೈನ್ಯಗಳು.

ಎರಡನೆಯ ಸೈನ್ಯದ ನಾಯಕನ ಹೆಸರು ಕೇಳಿದಾಗ ನಮ್ಮ ಕೈ ತಾನೇ ನಿಂತಿತು. ಅವನು ಕಾರ್ನ್‌ವಾಲಿಸ್! ಅಲ್ಲಿ ಸೋತವನು 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧರಾಜ್ಯದೊಡನೆ ಅವನ ಇಬ್ಬರು ಎಳೆಯ ಮಕ್ಕಳನ್ನೂ ಒತ್ತೆಯಾಗಿ ಪಡೆದನು. 1799ರಲ್ಲಿ ಪಟ್ಟಣ ಬಿದ್ದ ಬಳಿಕ ಕುಂಪಣಿಯವರು ಒತ್ತಿಸಿದ ಪದಕದಲ್ಲಿ ಸಿಂಹವು ಹುಲಿಯನ್ನು ನೆಲಕ್ಕೆ ಕೆಡವಿದೆ. ಇಲ್ಲಿ ಗುರಾಣಿಗೆ ತಾಗಿ ನಿಂತ ಮೃಗಕ್ಕೆ ಅಲ್ಲಿ ಅಡ್ಡ ಬರುವ ಮಿನರ್ವಾ ಇರಲಿಲ್ಲ. ಟಿಪ್ಪುವೂ ಫ್ರೆಂಚರ ನೆರವನ್ನು ಎದುರು ನೋಡಿದವನೇ.

ವೃದ್ಧರು ಇದನ್ನೆಲ್ಲ ಮೌನವಾಗಿ ಕೇಳಿ, ಪದಕದ ಕೆಳಗಿನ ಚೀಟಿಯನ್ನು ಹೊರತೆಗೆದರು. ಕನ್ನಡಕವನ್ನು ಸರಿಪಡಿಸಿಕೊಂಡು, ಶ್ರೀರಂಗಪಟ್ಟಣ ಎಂಬ ಹೆಸರನ್ನು ನಿಧಾನವಾಗಿ ಇನ್ನೊಮ್ಮೆ ಹೇಳಬೇಕೆಂದು ಕೇಳಿದರು.