ಮಿರ್ಚಿಯ ರಥಕ್ಕೆ ಯಾವ ಸಾರಥಿ?

ಸಂಜೆ ಐದು ದಾಟಿತೆಂದರೆ ದಾವಣಗೆರೆಯ ಬೀದಿಗಳಲ್ಲಿ ಕಾದ ಎಣ್ಣೆಯ ವಾಸನೆ ಹರಡುತ್ತದೆ. ಬಾಣಲೆಯಿಂದ ಆಗಷ್ಟೇ ಎದ್ದ ಮಿರ್ಚಿ, ಪಕ್ಕದಲ್ಲಿ ಖಾರ ಹಚ್ಚಿದ ಮಂಡಕ್ಕಿ, ಮೇಲೆ ಒಂದಿಷ್ಟು ಈರುಳ್ಳಿ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಊರನ್ನು ಹೊರಗಿನವರು ಇಂದು ನೆನೆಯುವುದು ಬೆಣ್ಣೆ ದೋಸೆಯಿಂದ, ಈ ಮಂಡಕ್ಕಿ-ಮಿರ್ಚಿಯಿಂದ. ಊರಿನ ಭಟ್ಟಿಗಳಲ್ಲಿ ಮಂಡಕ್ಕಿ ಅರಳುತ್ತದೆ. ಹರಿಹರದಾಚೆಯ ಸಾರಥಿಯಂಥ ಹಳ್ಳಿಗಳಲ್ಲಿ ಭತ್ತ ಬೆಳೆಯುತ್ತದೆ. ಇದು ಭತ್ತದ ಸೀಮೆ, ದ್ರಾಕ್ಷಿಯ ಸೀಮೆಯಲ್ಲ.

ಹಾಗಿದ್ದರೆ ಇಲ್ಲಿ ಫ್ರಾನ್ಸಿನ ಕೆಂಪು ವೈನಿನ ಮಾತೇಕೆ? ಮಕ್ಕಳು ಬೆಂಗಳೂರು ಸೇರಿ, ಅಲ್ಲಿಂದ ಹೊರದೇಶಕ್ಕೆ ಹಾರಿದ ಮನೆಗಳು ಈ ಊರಿನಲ್ಲೂ ಉಂಟು. ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಒಮ್ಮೊಮ್ಮೆ ಒಂದು ಬಾಟಲಿಯೂ ಬರುತ್ತದೆ. ಆಗ ಏಳುವ ಪ್ರಶ್ನೆ ಒಂದೇ: ಇದರ ಜತೆ ತಿನ್ನುವುದೇನು?

ಉತ್ತರ ವೈನಿನ ಸಿಹಿಯಲ್ಲಿದೆ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮದ್ಯಸಾರವಾಗಿಸಿದರೆ ಸಿಹಿಯಿಲ್ಲದ ವೈನ್. ಹುದುಗುವಿಕೆಯನ್ನು ನಡುವೆಯೇ ನಿಲ್ಲಿಸಿದರೆ ಸಿಹಿ ಉಳಿಯುತ್ತದೆ. ಫ್ರಾನ್ಸಿನಲ್ಲಿ ಸಿಹಿ ಇರುವ ಕೆಂಪು ವೈನ್ ಅಪರೂಪ. ಸ್ಪೇನ್ ಗಡಿಯ ರೂಸಿಯೋಂ ಸೀಮೆಯ ಬನ್ಯೂಲ್ಸ್, ಮೋರಿ ಹೆಸರುವಾಸಿಯಾದವು. ಹುದುಗುತ್ತಿರುವಾಗಲೇ ಮದ್ಯಸಾರ ಬೆರೆಸುವುದರಿಂದ ಅವು ಶೇ 15ಕ್ಕೂ ಮೀರಿ ತೀಕ್ಷ್ಣ. ಅಲ್ಲಿಯವರು ಇವನ್ನು ಚಾಕೊಲೇಟ್, ನೀಲಿ ಚೀಸ್ ಜತೆ ಸವಿಯುತ್ತಾರೆ.

ಆ ಬಾಟಲಿಯನ್ನು ಮಿರ್ಚಿಯ ಮುಂದೆ ತೆರೆದರೆ ಕಷ್ಟ. ಮದ್ಯಸಾರ ಹೆಚ್ಚಿದಷ್ಟೂ ಮೆಣಸಿನಕಾಯಿಯ ಉರಿ ಹೆಚ್ಚುತ್ತದೆ. ಸಿಹಿಯಿಲ್ಲದ ಕೆಂಪು ವೈನಾದರೆ ಅದರ ಒಗರೂ ಸೇರಿ ಬಾಯಿ ಒಣಗುತ್ತದೆ. ರೂಸಿಯೋಂನ ವೈನಿಗೆ ಒಗ್ಗುವ ತಿನಿಸು ಈ ಸೀಮೆಯ ಅಡುಗೆಮನೆಯಲ್ಲೇ ಇದೆ: ಶೇಂಗಾ ಹೋಳಿಗೆ. ಆದರೆ ಬೆಲ್ಲಕ್ಕೆ ಹಿಡಿತವಿರಬೇಕು. ತಿನಿಸು ವೈನಿಗಿಂತ ಸಿಹಿಯಾದರೆ ವೈನ್ ಹುಳಿ ಎನಿಸಿಬಿಡುತ್ತದೆ.

ಮಿರ್ಚಿಗೆ ಬೇಕಾದದ್ದು ತೀಕ್ಷ್ಣತೆ ಕಡಿಮೆಯಿದ್ದು, ಒಂದಿಷ್ಟು ಸಿಹಿ ಉಳಿದ, ತಣ್ಣಗಿನ ವೈನ್. ಸಿಹಿ ಉರಿಯನ್ನು ತಣಿಸುತ್ತದೆ. ಅಂಥ ವೈನಿಗೆ ಹೊಂದುವ ಹಣ್ಣು ದೂರದ್ದೇನಲ್ಲ. ನಂದಿ ಬೆಟ್ಟದ ಸುತ್ತ ಬೆಳೆಯುವ, 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ. ಇದು ಇಸಬೆಲ್ಲಾ ತಳಿಯೇ ಎಂದು ತಜ್ಞರು ಗುರುತಿಸುತ್ತಾರೆ. ಅದೇ ಇಸಬೆಲ್ಲಾವನ್ನು ಫ್ರಾನ್ಸ್ 1934ರ ಕಾನೂನಿನಲ್ಲಿ ಇತರ ಐದು ತಳಿಗಳೊಂದಿಗೆ ನಿಷೇಧಿಸಿತು. ಅದರ ಗಾಢ ಪರಿಮಳ ಅಲ್ಲಿಯ ಜಾಣ ನಾಲಿಗೆಗಳಿಗೆ ಹಿಡಿಸಲಿಲ್ಲ. ವೈನ್ ಮಾರುಕಟ್ಟೆಯೂ ಆಗ ತುಂಬಿ ತುಳುಕುತ್ತಿತ್ತು.

ನಂದಿಯ ಸೀಮೆಗೂ ಫ್ರೆಂಚ್ ತಳಿಗಳು ಬಂದವು. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ತೋಟ ತಲೆಯೆತ್ತಿತು. 1995ರಿಂದ ಬೋರ್ಡೋದ ತಜ್ಞ ಮಿಷೆಲ್ ರೊಲಾಂ ಅದಕ್ಕೆ ಸಲಹೆಗಾರರಾದರು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ಆದರೆ ಪ್ರತಿಷ್ಠೆ ದಕ್ಕಿದ್ದು ಕ್ಯಾಬರ್ನೆ, ಶಿರಾಜ್‌ಗಳಿಗೆ. ನೀಲಿ ದ್ರಾಕ್ಷಿಗೆ ಉಳಿದದ್ದು ಹಣ್ಣಿನ ಬುಟ್ಟಿ, ಜ್ಯೂಸು, ಅಗ್ಗದ ಸಿಹಿ ವೈನಿನ ಹಣೆಪಟ್ಟಿ. ಅದನ್ನೇ ನಂಬಿದ ಬೆಳೆಗಾರನ ಬದುಕು ಈ ಹಣೆಪಟ್ಟಿಗೆ ಕಟ್ಟುಬಿದ್ದಿದೆ. ಬೇರೆಯವರ ಊಟಕ್ಕೆ ಒಗ್ಗದ ಹಣ್ಣು ನಮ್ಮ ಊಟಕ್ಕೂ ಒಗ್ಗದೆಂದು ತೀರ್ಮಾನಿಸಿದವರಾರು?

ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಸಾಗಿದರೆ ತುಂಗಭದ್ರೆಯ ದಡದ ಹರಿಹರ. ಇಲ್ಲಿ ದ್ರಾಕ್ಷಾರಸ ಅಪರಿಚಿತವಲ್ಲ. ಆರೋಗ್ಯ ಮಾತೆಯ ಚರ್ಚಿನ ಬಲಿಪೂಜೆಯಲ್ಲಿ ಅದಕ್ಕೆ ಪವಿತ್ರ ಸ್ಥಾನವಿದೆ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿಯಲ್ಲಿ ಒಂದೇ ಮೂರ್ತಿಯ ಅರ್ಧ ಹರಿ, ಅರ್ಧ ಹರ. ಒಬ್ಬರನ್ನು ಅಳಿಸಿ ಇನ್ನೊಬ್ಬರನ್ನು ಕಡೆದಿಲ್ಲ.

ಊಟದ ನಂಟೂ ಹೀಗೆಯೇ. ಖಾರವನ್ನು ಸೋಲಿಸುವ ವೈನೂ ಬೇಡ, ವೈನಿಗೆ ಅಂಜಿ ಸಪ್ಪೆಯಾಗುವ ಮಿರ್ಚಿಯೂ ಬೇಡ. ಕುಡಿಯುವ ರೂಢಿ ಇರುವವರಿಗೆ ಸಣ್ಣ ಲೋಟ ಸಾಕು. ಇಲ್ಲದವರಿಗೆ ಅದೇ ನೀಲಿ ದ್ರಾಕ್ಷಿಯ ತಣ್ಣನೆಯ ರಸವಿದೆ; ಮಿರ್ಚಿಯ ಉರಿಯನ್ನು ಅದೂ ಅಷ್ಟೇ ಚೆನ್ನಾಗಿ ತಣಿಸುತ್ತದೆ. ರಥ ದಾವಣಗೆರೆಯದು, ಸಾರಥಿ ಪ್ಯಾರಿಸ್ಸಿನಿಂದಲೇ ಬರಬೇಕೆಂದಿಲ್ಲ.