ಹಾರುತ್ತಲೇ ಕುಡಿದ ಗುಟುಕು

ಜಯನಗರದಲ್ಲಿ ಬೆಳೆದ ನನಗೆ ಬಾವಲಿಯೆಂದರೆ ಮನೆಯೆದುರಿನ ಗಸಗಸೆ ಮರಕ್ಕೆ ರಾತ್ರಿ ಬರುವ ಹಣ್ಣುಬಾಕ. ಅದಕ್ಕೂ ಬಾಯಾರುತ್ತದೆಂದು ಯಾವತ್ತೂ ಯೋಚಿಸಿರಲಿಲ್ಲ.

ಬಾವಲಿ ನೀರು ಕುಡಿಯುವುದನ್ನು ನೋಡಲೆಂದು ಗೆಳೆಯನೊಬ್ಬನ ಜೊತೆ ಜೆ.ಪಿ. ನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸಾರಕ್ಕಿ ಕೆರೆ ಏರಿ ಹತ್ತಿದಾಗ ಸೂರ್ಯ ಕನಕಪುರ ರಸ್ತೆಯ ಕಟ್ಟಡಗಳ ಹಿಂದೆ ಸರಿದಿದ್ದ. 82 ಎಕರೆಯ ಕೆರೆ. 2015ರ ಏಪ್ರಿಲ್‌ನಲ್ಲಿ ಒತ್ತುವರಿ ತೆರವು ಮಾಡಿರದಿದ್ದರೆ ನಾವು ನಿಲ್ಲಲು ಈ ದಡವಾದರೂ ಸಿಗುತ್ತಿತ್ತೋ ಇಲ್ಲವೋ. ಹುಳು ಹಿಡಿಯುವ ಸಣ್ಣ ಬಾವಲಿಯ ಕೂಗು ನಮ್ಮ ಕಿವಿಗೆ ದಕ್ಕುವ 20,000 ಹರ್ಟ್ಸ್‌ಗಿಂತ ಬಹಳ ಮೇಲಿನದು. ಅದನ್ನು ಕೇಳಿಸುವ ಪುಟ್ಟ ಯಂತ್ರವನ್ನು ಗೆಳೆಯ ತಂದಿದ್ದ.

ಮೊದಲು ಬರೀ ಗೊರಗೊರ. ಆಮೇಲೆ ಟಕ್, ಟಕ್, ಟಕ್. ಹೆಬ್ಬೆರಳಿನಷ್ಟೇ ಇದ್ದ ಕಪ್ಪು ಜೀವವೊಂದು ತಲೆ ಮೇಲಿಂದ ನೀರಿನತ್ತ ಜಾರಿತು. ಟಕ್ಕುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಟ್ಟೆ ಹರಿದಂತೆ ಝರ್ರೆಂದವು. ನೀರ ಮೇಲೊಂದು ಸಣ್ಣ ಗೀರು ಮೂಡಿ ಅಳಿಯಿತು.

“ಕುಡೀತು ಕಣೋ!” ಎಂದ ಗೆಳೆಯ.

ನಿಲ್ಲದೆ, ಕೂರದೆ, ಹಾರುತ್ತಲೇ ಒಂದು ಗುಟುಕು! ಕತ್ತಲಲ್ಲಿ ನೀರನ್ನು ಗುರುತಿಸುವುದು ಕಿವಿ. ತನ್ನ ಕೂಗಿನ ಮಾರ್ದನಿಯಲ್ಲಿ ನುಣುಪಾಗಿ ಮಲಗಿದ್ದೆಲ್ಲ ಬಾವಲಿಗೆ ನೀರೇ. 2010ರಲ್ಲಿ ಜರ್ಮನಿಯ ಇಬ್ಬರು ವಿಜ್ಞಾನಿಗಳು ನುಣುಪಾದ ಹಲಗೆಗಳನ್ನು ಹಾಸಿಟ್ಟಾಗ ಬಾವಲಿಗಳು ಅವನ್ನೇ ಕುಡಿಯಲು ಇಳಿದವು. ಕೆರೆ ಕುಂಟೆ ಕಂಡೇ ಇರದ ಮರಿಗಳೂ ಇಳಿದವು. ಹುಟ್ಟುವಾಗಲೇ ನೀರಿನ ನೆನಪು ಹೊತ್ತು ಬರುವ ಜೀವ!

ಮರುದಿನ ಸಂಜೆ ಬಿಟಿಎಂ ಬಡಾವಣೆಯ ಮಡಿವಾಳ ಕೆರೆ. ಕೊಳಚೆ ಸೇರುವ ಮೂಲೆಯಲ್ಲಿ ಅದರ ಸಾರಜನಕ, ರಂಜಕ ಉಂಡು ಕೊಬ್ಬಿದ ಅಂತರಗಂಗೆ. ಒಂದಂಗುಲ ನೀರೂ ಕಾಣದು. ಯಂತ್ರ ಮಾತ್ರ ಬಿಡುವಿಲ್ಲದೆ ಟಕಟಕಿಸುತ್ತಿತ್ತು. ಹೊಲಸು ನೀರಿನ ನೊಣಗಳು ಬೇಕಾದಷ್ಟಿವೆ. ಆ ಊಟವೂ ಶುದ್ಧವಲ್ಲ: ದಕ್ಷಿಣ ಆಫ್ರಿಕಾದಲ್ಲಿ ಕೊಳಚೆ ಶುದ್ಧೀಕರಣ ಘಟಕಗಳ ಮೇಲೆ ಬೇಟೆಯಾಡುವ ಬಾವಲಿಗಳ ಮೈಯಲ್ಲಿ ಕ್ಯಾಡ್ಮಿಯಂ, ನಿಕ್ಕಲ್ ಸಿಕ್ಕಿವೆ. ತಿನ್ನಲು ಅಷ್ಟು ಬಾವಲಿ ಬಂದಿದ್ದರೂ ಕುಡಿಯಲು ಒಂದೂ ಕೆಳಗಿಳಿಯಲಿಲ್ಲ. ಎಲೆಗಳ ಆ ಒರಟು ಹಾಸು ಅವುಗಳ ಕಿವಿಗೆ ನೀರಲ್ಲ. ಕೆರೆಯ ಮೇಲೆಯೇ ಹಾರುತ್ತಾ ಕೆರೆ ಸಿಗದಿರುವುದು! ನನಗೆ ಗಂಟಲು ಕಟ್ಟಿತು.

ಏರಿಯುದ್ದಕ್ಕೂ ನಡೆದೆವು. ದಾರಿದೀಪಗಳು ಮುಗಿದವು. ಕಳೆ ತೆಳುವಾಗುತ್ತಾ ಬಂದು, ಒಂದೆಡೆ ಅಂಗಳದಷ್ಟಗಲ ನೀರು ಬಯಲಾಗಿ ಬಿದ್ದಿತ್ತು. ಗೆಳೆಯ ಯಂತ್ರವನ್ನು ಅತ್ತ ಹಿಡಿದ.

ಝರ್ರ್. ಮತ್ತೆ ಝರ್ರ್. ಒಂದರ ಹಿಂದೊಂದು, ಸರದಿಯಲ್ಲಿ.